ತೊಳೆದು ಕೊಟ್ಟ ಮಣೆ

ಸಂಕಣ್ಣ ಹೊಳೆ ದಾಟಿ ಆಶ್ರಮಕ್ಕೆ ಬಂದಾಗ ಅವನ ತಲೆಯ ಮೇಲೊಂದು ಹಲಸಿನ ಮಣೆ ಇತ್ತು.

ಗುರು ನಿರ್ವಾಣಯ್ಯನವರು ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಣೆ ಕಂಡದ್ದೇ ಅವರ ಕೈ ನಿಂತಿತು.

ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಓದು ಬರಹ ಕಲಿಸಲು ಆಶ್ರಮ ಒಬ್ಬೊಬ್ಬ ಐಗಳನ್ನು ನೇಮಿಸಿತ್ತು. ಪ್ರತಿ ಐಗಳಿಗೂ ಕೂರಲು ಒಂದು ಮಣೆ. ಮಹಾನವಮಿ ಮುಗಿದ ಮೇಲೆ ಆಶ್ರಮದಿಂದ ಒಬ್ಬರು ಹೋಗಿ ಮಕ್ಕಳ ಬಾಯಲ್ಲಿ ಮಗ್ಗಿ ಹೇಳಿಸಿ ನೋಡುತ್ತಿದ್ದರು. ಮಕ್ಕಳು ಹೇಳಿದರೆ ಐಗಳಿಗೆ ಶಾಲು, ತಡವರಿಸಿದರೆ ಮಣೆ ಆಶ್ರಮಕ್ಕೆ ವಾಪಸು. ಆ ವರ್ಷ ಗುರುಗಳ ಮೊಣಕಾಲು ಕೈಕೊಟ್ಟಿದ್ದರಿಂದ ಶಿಷ್ಯ ಸಂಕಣ್ಣ ಹೋಗಿದ್ದ.

"ಯಾರದಪ್ಪಾ ಈ ಮಣೆ?"

"ಕೆಳಗಿನ ಹಳ್ಳಿ ಹಾಲಯ್ಯನವರದು ಗುರುಗಳೇ. ಅವರಿಗೆ ಕಲಿಸೋಕೆ ಬರೋದಿಲ್ಲ."

"ಹೇಗೆ ತಿಳೀತು?"

"ಏಳರ ಮಗ್ಗಿ ಕೇಳಿದೆ. ಮಕ್ಕಳು ಅರ್ಧಕ್ಕೇ ನಿಂತುಬಿಟ್ರು. ಮೇಲಿನ ಹಳ್ಳಿ ಮಕ್ಕಳು ಹದಿನಾರರ ಮಗ್ಗೀನ ನೀರು ಕುಡಿದಷ್ಟು ಸಲೀಸಾಗಿ ಹೇಳ್ತಾರೆ."

"ಮೇಲಿನ ಹಳ್ಳಿ ಮಕ್ಕಳ ಅಪ್ಪಂದಿರಿಗೆ?"

"ಅವರೆಲ್ಲ ಓದಿದೋರು. ಅವರಿಗೂ ಬರುತ್ತೆ."

"ಕೆಳಗಿನ ಹಳ್ಳಿಯ ಅಪ್ಪಂದಿರಿಗೆ?"

"ಕುರಿ ಕಾಯೋರು, ಮಡಕೆ ಮಾಡೋರು. ಅವರಿಗೆಲ್ಲಿ ಬರಬೇಕು ಗುರುಗಳೇ!"

ಗುರುಗಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಮಣೆ ಕೇಳಿದಾಗ ಹಾಲಯ್ಯ ಏನಂದ?"

"ಏನೂ ಅನ್ನಲಿಲ್ಲ. ಹೊಳೆಗೆ ಹೋಗಿ ಮಣೆ ತೊಳೆದು, ಒರೆಸಿ ಕೊಟ್ರು."

"ತೊಳೆದು ಕೊಟ್ಟನೇ?" ಗುರುಗಳ ಕಣ್ಣು ಒದ್ದೆಯಾಯಿತು.

ಸಂಕಣ್ಣ ಗಲಿಬಿಲಿಗೊಂಡ. ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಬಂದವನು ಅವನು. ಹೊಗಳಿಕೆ ಬರಬೇಕಾದ ಜಾಗದಲ್ಲಿ ಕಣ್ಣೀರು ಬಂದರೆ ಯಾರಿಗಾದರೂ ಗಲಿಬಿಲಿಯೇ.

"ಮಣೆ ತಗೊಂಡು ವಾಪಸ್ ಹೋಗು," ಅಂದರು ಗುರುಗಳು.

"ಅವರಿಗೇ ಕೊಡಲಾ?"

"ಬೇಡ. ನೀನೇ ಕೂತ್ಕೋ. ಮಕ್ಕಳು ಐಗಳಿಲ್ಲದೆ ಎಷ್ಟು ದಿನ ಇರ್ತಾರೆ? ಮುಂದಿನ ತಿಂಗಳ ಹುಣ್ಣಿಮೆಗೆ ನಾನೇ ಬಂದು ಮಗ್ಗಿ ಕೇಳ್ತೀನಿ."

ಸಂಕಣ್ಣನಿಗೆ ಒಳಗೊಳಗೇ ಖುಷಿ. ಆಶ್ರಮದಲ್ಲಿ ಅವನಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ಕಲಿಸುವುದು ಹೇಗೆಂದು ತೋರಿಸಿಯೇ ಬಿಡೋಣ ಎಂದುಕೊಂಡು ಹರಿಗೋಲು ಹತ್ತಿದ.

ಕೆಳಗಿನ ಹಳ್ಳಿಯ ಶಾಲೆ ಅಂದರೆ ಹೊಳೆ ದಂಡೆಯ ಹಳೆಯ ಮಂಟಪ. ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ಇಬ್ಬರ ಮಡಿಲಲ್ಲಿ ಕುರಿಮರಿ. ಒಂದು ಮರಿ ಆಗಷ್ಟೇ ಬರೆದ 'ಅ'ದ ಮೇಲೆ ಕಾಲಿಟ್ಟು ನಿಂತಿತ್ತು.

ಸಂಕಣ್ಣ ಮಣೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡ. "ಏಳೊಂದ್ಲೆ ಏಳು!"

ಮಕ್ಕಳು ಮಂಟಪ ಹಾರಿಹೋಗುವಂತೆ ಕೂಗಿದರು. ಅವನಿಗೆ ಸಂತೋಷವಾಯಿತು. ಮರುದಿನ ಬೆಳಿಗ್ಗೆ ಕೇಳಿದರೆ ಏಳೈದ್ಲೆಯಿಂದ ಆಚೆ ಒಬ್ಬರ ಬಾಯಲ್ಲೂ ಏನೂ ಉಳಿದಿರಲಿಲ್ಲ.

ಮತ್ತೆ ಹೇಳಿಸಿದ. ಮತ್ತೆ ಮರೆತರು. ಕುಂಬಾರರ ಸಣ್ಣೀರಿ ಎಂಬ ಹುಡುಗಿಯಂತೂ ತುಟಿಯನ್ನೇ ಬಿಚ್ಚಲಿಲ್ಲ.

"ಬಾಯಲ್ಲಿ ಏನು ಕಡುಬು ಇಟ್ಕೊಂಡಿದೀಯಾ?" ಎಂದು ಸಂಕಣ್ಣ ಗದರಿದ.

ಮರುದಿನ ಸಣ್ಣೀರಿ ಬರಲಿಲ್ಲ. ಅದರ ಮರುದಿನ ಕುಂಬಾರರ ಓಣಿಯ ಒಂದು ಮಗುವೂ ಬರಲಿಲ್ಲ. ಆಮೇಲೆ ಕುರಿಹಟ್ಟಿಯವರೂ ನಿಂತರು. ಕಲಿಸುವುದು ಇಷ್ಟು ಕಷ್ಟವೆಂದು ಸಂಕಣ್ಣನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ ಬಿಡಿ.

ಖಾಲಿ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತ. ನಾಚಿಕೆಯಾಯಿತು. ಎದ್ದು ಹಾಲಯ್ಯನವರ ಮನೆಗೆ ಹೋದ.

ಹಾಲಯ್ಯನವರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೋ ಅವರಿಗೆ ತಿಳಿದಂತಿರಲಿಲ್ಲ.

"ಐಗಳೇ," ಅಂದ ಸಂಕಣ್ಣ. "ಮಕ್ಕಳು ಬರ್ತಿಲ್ಲ."

ಬೇರೆಯವರಾಗಿದ್ದರೆ 'ಮಾಡಿದ್ದುಣ್ಣೋ ಮಹಾರಾಯ' ಅಂತಿದ್ದರು. ಹಾಲಯ್ಯನವರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

"ಯಾರ್ಯಾರು?"

"ಎಲ್ಲರೂ."

"ಸಣ್ಣೀರಿನೂ? ಅಯ್ಯೋ ತಮ್ಮಾ, ಅವಳನ್ನ ಮಂಟಪದ ಮೆಟ್ಟಿಲು ಹತ್ತಿಸೋಕೇ ನನಗೆ ಒಂದು ಮಳೆಗಾಲ ಹಿಡೀತು. ನಡಿ ನಡಿ."

ಇಬ್ಬರೂ ಓಣಿ ಓಣಿ ತಿರುಗಿದರು. ಹಾಲಯ್ಯನವರು ಪ್ರತಿ ಮನೆಯ ಮುಂದೆ ನಿಂತು ಕುರಿಯ ಯೋಗಕ್ಷೇಮ ಕೇಳಿದರು, ಮಡಕೆ ಸುಡುವ ಆವಿಗೆಯ ಬೆಂಕಿ ವಿಚಾರಿಸಿದರು, ಕೊನೆಗೆ ಮಕ್ಕಳ ಮಾತು ತೆಗೆದರು. ಸಣ್ಣೀರಿಯ ತಾಯಿ ಬಾಗಿಲಲ್ಲೇ ನಿಂತು ಸಂಕಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊಸ ಐಗಳು ಕೂಗ್ತಾರಂತಲ್ಲಾ?"

"ಇನ್ನು ಕೂಗಲ್ಲ ತಾಯಿ," ಎಂದು ಸಂಕಣ್ಣ ಕೈಮುಗಿದ.

ಮರಳುವ ದಾರಿಯಲ್ಲಿ ಅವನು ಕೇಳಿದ, "ಆ ಹುಡುಗಿ ಯಾಕೆ ಮಾತಾಡಲ್ಲ ಐಗಳೇ? ಮಗ್ಗಿ ಯಾಕೆ ಇವರ ತಲೇಲಿ ನಿಲ್ಲಲ್ಲ? ನೀವು ಏನು ಮಾಡ್ತಿದ್ರಿ?"

"ನನಗೂ ಗೊತ್ತಿಲ್ಲ ತಮ್ಮಾ."

"ಗೊತ್ತಿಲ್ವಾ?"

"ಇಲ್ಲ. ಎಷ್ಟೋ ವರ್ಷದಿಂದ ಯಾರನ್ನಾದರೂ ಕೇಳಬೇಕು ಅಂತ ಇದ್ದೆ."

"ಆಶ್ರಮದಿಂದ ವರ್ಷ ವರ್ಷ ಬರ್ತಿದ್ರಲ್ಲ. ಕೇಳಬಹುದಿತ್ತು."

ಹಾಲಯ್ಯನವರು ನಕ್ಕರು. ಆ ನಗುವಿನಲ್ಲಿ ಕಹಿಯೇನೂ ಇರಲಿಲ್ಲ. "ಮಣೆ ಕಿತ್ಕೊಳ್ಳೋಕೆ ಬಂದವರ ಮುಂದೆ 'ನನಗೆ ಗೊತ್ತಿಲ್ಲ' ಅನ್ನೋಕಾಗುತ್ತಾ? ಮಕ್ಕಳಿಗೆ ಬರೋ ಮಗ್ಗೀನಷ್ಟೇ ಹೇಳಿಸಿ, ಗೊತ್ತಿದ್ದೋನ ಹಾಗೆ ಮುಖ ಮಾಡ್ಕೊಂಡು ಕೂತಿರ್ತಿದ್ದೆ. ಅವರು ಹೊಳೆ ದಾಟಿದ ಮೇಲೆ ಉಸಿರು ಬಿಡ್ತಿದ್ದೆ."

ಸಂಕಣ್ಣನಿಗೆ ತಲೆ ಎತ್ತಲು ಆಗಲಿಲ್ಲ.

ಮರುದಿನದಿಂದ ಹಾಲಯ್ಯನವರು ಮಂಟಪಕ್ಕೆ ಬಂದರು. ಮಣೆಯ ಮೇಲೆ ಮಾತ್ರ ಎಷ್ಟು ಹೇಳಿದರೂ ಕೂರಲಿಲ್ಲ. ಕಂಬಕ್ಕೊರಗಿ, ಸಣ್ಣೀರಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಸಂಜೆ ಮಕ್ಕಳು ಹೋದ ಮೇಲೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತು, ಅವತ್ತು ಎಲ್ಲಿ ಎಡವಿದೆವು ಎಂದು ಮಾತಾಡುತ್ತಿದ್ದರು. ಕೆಲವು ಉಪಾಯ ಫಲಿಸಿದವು. ಹೆಚ್ಚಿನವು ನೆಲ ಕಚ್ಚಿದವು. ಆದರೂ ಮಾಡಿದ ತಪ್ಪನ್ನು ಒಬ್ಬರ ಮುಂದೆ ಹೇಳಿಕೊಂಡರೆ ಎದೆ ಎಷ್ಟು ಹಗುರಾಗುತ್ತದೆ ಎಂದು ಸಂಕಣ್ಣನಿಗೆ ಆಗಲೇ ತಿಳಿದದ್ದು.

ಹುಣ್ಣಿಮೆ ಬಂತು. ಗುರುಗಳು ಕೋಲೂರಿಕೊಂಡು ಹರಿಗೋಲಿನಿಂದ ಇಳಿದರು. ಮಂಟಪದ ನಡುವೆ ನಿಂತು, "ಏಳರ ಮಗ್ಗಿ ಹೇಳಿ ಮಕ್ಕಳೇ," ಅಂದರು.

ಮಕ್ಕಳು ಶುರುಮಾಡಿದರು. ಏಳೈದ್ಲೆ ದಾಟಿದರು. ಏಳಾರ್ಲೆಯನ್ನೂ ದಾಟಿದರು. ಏಳೇಳ್ಲೆ ನಲವತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟರು.

"ಮುಂದೆ?"

ಮುಂದೆ ಇಲ್ಲ. ಒಂದು ಕುರಿಮರಿ ಮಾತ್ರ ಅರಚಿತು.

ಗುರುಗಳು ಸಂಕಣ್ಣನ ಕಡೆ ತಿರುಗಿದರು. "ಇವರಿಗೆ ಬರೋದಿಲ್ಲವಲ್ಲಪ್ಪ?"

ಸಂಕಣ್ಣನ ನಾಲಿಗೆಯ ತುದಿಗೆ ಒಂದು ಮಾತು ಬಂದು ಕೂತಿತ್ತು. 'ಮೊದಲಿದ್ದವರು ಬುನಾದಿಯನ್ನೇ ಹಾಕಿರಲಿಲ್ಲ ಗುರುಗಳೇ.' ಅಷ್ಟು ಅಂದರೆ ಅವನ ಮಾನ ಉಳಿಯುತ್ತಿತ್ತು. ಕಂಬದ ಬಳಿ ಹಾಲಯ್ಯನವರು ತಲೆ ತಗ್ಗಿಸಿ ಕೂತಿದ್ದರು. ಆ ಮಾತು ಬಂದೇ ಬರುತ್ತದೆ ಎಂದು ಗೊತ್ತಿದ್ದವರ ಹಾಗಿದ್ದರು.

ಅದನ್ನು ನೋಡಿ ಸಂಕಣ್ಣ ಆ ಮಾತನ್ನು ನುಂಗಿಕೊಂಡ.

"ನನಗೆ ಗೊತ್ತಿಲ್ಲ ಗುರುಗಳೇ," ಅಂದ.

"ಏನು ಗೊತ್ತಿಲ್ಲ?"

"ಇವರು ಅಲ್ಲೇ ಯಾಕೆ ನಿಲ್ತಾರೆ, ಗೊತ್ತಿಲ್ಲ. ಒಬ್ಬನಿಗೆ ಹೇಳಿಕೊಡೋವಾಗ ಉಳಿದವರನ್ನ ಏನು ಮಾಡಬೇಕು, ಗೊತ್ತಿಲ್ಲ. ಸಣ್ಣೀರಿ ಬಾಯಿ ಬಿಡಿಸೋದು ಹೇಗೆ, ಅದೂ ಗೊತ್ತಿಲ್ಲ. ಐಗಳು ಇದನ್ನೆಲ್ಲ ಒಬ್ಬರೇ ಹೊತ್ಕೊಂಡಿದ್ರು. ನಾನು ಅವರನ್ನ ಒಂದು ಮಾತು ಕೇಳದೆ ಮಣೆ ಎತ್ಕೊಂಡು ಬಂದೆ."

ಅಷ್ಟು ಹೇಳುವಷ್ಟರಲ್ಲಿ ಅವನ ದನಿ ಒಡೆಯಿತು. ಮಕ್ಕಳು ಬೆರಗಾಗಿ ನೋಡಿದರು. ಐಗಳು ಅಳುವುದನ್ನು ಅವರು ಎಂದೂ ಕಂಡಿರಲಿಲ್ಲ.

ಗುರುಗಳು ಕೋಲನ್ನು ಗೋಡೆಗೆ ಒರಗಿಸಿದರು. ಮೊಣಕಾಲು ಹಿಡಿದುಕೊಂಡು, ಮೆಲ್ಲಗೆ, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತರು.

"ಹಾಲಯ್ಯ, ಮಣೆ ಮೇಲೆ ಕೂತು ಪಾಠ ಹೇಳು."

ಹಾಲಯ್ಯನವರು ಎದ್ದರು, ಆದರೆ ಮುಂದೆ ಬರಲಿಲ್ಲ. "ಪರೀಕ್ಷೆಗಾ ಗುರುಗಳೇ?"

"ಅಲ್ಲಪ್ಪ. ಬಾಯಿ ಬಿಡದ ಆ ಮಗುವಿಗೆ ಏನು ಮಾಡೋದು ಅಂತ ನನಗೂ ತೋಚ್ತಿಲ್ಲ. ಮೂವರೂ ಕೂತು ನೋಡೋಣ."

ಹಾಲಯ್ಯನವರು ಮಣೆಯ ಮೇಲೆ ಕೂತರು. ಮೊದಲು ಅವರ ದನಿ ನಡುಗಿತು. ಗುರುಗಳೇ ಒಂದು ಲೆಕ್ಕ ತಪ್ಪಿ ಪಕ್ಕದ ಹುಡುಗನಿಂದ ತಿದ್ದಿಸಿಕೊಂಡ ಮೇಲೆ ಮಕ್ಕಳೆಲ್ಲ ನಕ್ಕರು, ಹಾಲಯ್ಯನವರೂ ನಕ್ಕರು, ಆಮೇಲೆ ನಡುಕ ಕಾಣಲಿಲ್ಲ. ಸಣ್ಣೀರಿ ಅವತ್ತೂ ಮಾತಾಡಲಿಲ್ಲ. ಆದರೆ ಮರಳಿನ ಮೇಲೆ ಬೆರಳಿಟ್ಟು, ಏಳೇಳ್ಲೆಯ ಮುಂದಿನದನ್ನು ಬರೆದಳು. ಅವಳಿಗೆ ಮಗ್ಗಿ ಮೊದಲಿಂದಲೂ ಬರುತ್ತಿತ್ತೋ, ಅವತ್ತೇ ಬಂತೋ, ಮೂವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಹೊತ್ತು ಇಳಿದಾಗ ಸಂಕಣ್ಣ ಗುರುಗಳ ಕೈಹಿಡಿದು ಹೊಳೆಗೆ ಇಳಿಸಿದ.

"ಗುರುಗಳೇ, ನಾನು ಇನ್ನು ಆಶ್ರಮಕ್ಕೆ ಬರಲಾ?"

"ಮೇಲಿನ ಹಳ್ಳಿಗೆ ಹೋಗು."

"ಅಲ್ಲಿ ಎಲ್ಲ ಸರಿಯಾಗಿದೆಯಲ್ಲ. ಏನೂ ತೊಂದರೆ ಇಲ್ಲ."

"ಹಾಗಂತ ಯಾರು ಹೇಳಿದ್ರು?"

"ಅಲ್ಲಿನ ಐಗಳೇ ಹೇಳಿದ್ರು."

ಗುರುಗಳು ಹರಿಗೋಲಿನಲ್ಲಿ ಕೂತರು. ಅಂಬಿಗ ಹುಟ್ಟು ಎತ್ತಿಕೊಂಡ.

"ಹೋಗಿ ಅವರನ್ನ ಏನು ಕೇಳಲಿ ಗುರುಗಳೇ?"

"ಊಟ ಆಯ್ತಾ ಅಂತ ಕೇಳು," ಅಂದರು ನಿರ್ವಾಣಯ್ಯನವರು. "ಆಯ್ತು ಅಂತಾನೆ. ಅಂದ ಮೇಲೂ ಏಳಬೇಡ. 'ಗೊತ್ತಿಲ್ಲ' ಅನ್ನೋಕೆ ಅವನಿಗೂ ಹೊತ್ತು ಬೇಕು."