ಕೆಂಚಿ ಕೋಳಿಯ ಕಾವಲು

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಕರ್ಮ.

ಆ ವರ್ಷ ರೋಗ ಬಂದು ಹಿತ್ತಲ ಕೋಳಿಗಳೆಲ್ಲ ಸತ್ತವು. ಉಳಿದದ್ದು ಕೆಂಚಿ ಅನ್ನೋ ಹೇಂಟೆ ಒಂದೇ. ಅದು ಕಾವಿಗೆ ಕೂತಾಗ ಹೊಂಬಾಳಮ್ಮ ಕುಕ್ಕೆಗೆ ಬೂದಿ ಹಾಕಿ, ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಇದ್ದಿಲ ಚೂರಿಟ್ಟು, ಹನ್ನೊಂದು ಮೊಟ್ಟೆ ಜೋಡಿಸಿದಳು. ಇವು ಮರಿಯಾದರೆ ಹಿತ್ತಲು ಮತ್ತೆ ತುಂಬುತ್ತದೆ. ಇಲ್ಲವಾದರೆ ಆ ಮನೆಯಲ್ಲಿ ಕೋಳಿಯ ಸದ್ದೇ ಅಡಗಿದ ಹಾಗೆ.

ಬೇಲಿಯಾಚೆಯಿಂದ ಪಕ್ಕದ ಮನೆ ಜವರಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಇಣುಕಿದಳು. “ಎಷ್ಟು ಮೊಟ್ಟೆ ಇಟ್ಟೆ, ಅಕ್ಕಾ?”

ಅಷ್ಟೇ! ಹೊಂಬಾಳಮ್ಮನಿಗೆ ಅನುಮಾನ ಹುಟ್ಟಿತು. ಇವಳಿಗ್ಯಾಕೆ ಬೇಕು? ಎಷ್ಟು ಅಂತ ಕೇಳಿದವಳು ಕೈ ಹಾಕದೆ ಬಿಡುತ್ತಾಳೆಯೇ? ಹೊಲಕ್ಕೆ ಹೊರಡುವಾಗ ಮಗನ ಕಿವಿಯಲ್ಲಿ ಉಸುರಿದಳು. “ಕುಕ್ಕೆ ಹತ್ರ ಯಾರ್ನೂ ಸೇರಿಸ್ಬ್ಯಾಡ ಕಣ್ಲಾ! ಯಾರೇ ಬರ್ಲಿ, ಅಟ್ಟು!”

“ಆಯ್ತು ಕಣವ್ವ!”

ಮಧ್ಯಾಹ್ನ ಬಂದು ನೋಡಿದರೆ ಕೆಂಚಿ ಸೂರಿನ ಮೇಲೆ ಕೂತು ಕಿರುಚುತ್ತಿದೆ. ಚಿಕ್ಕೀರ ಕೆಳಗೆ ಕೋಲು ಹಿಡಿದು ನಿಂತಿದ್ದಾನೆ!

“ಜವರವ್ವ ಏನಾರ ಮಾಡಿದ್ಲೇನ್ಲಾ?”

“ಅವ್ಳು ಬರ್ಲೇ ಇಲ್ಲ. ಈ ಕೋಳಿನೇ ಕಣವ್ವ! ನೀರು ಕುಡಿಯಾಕೆ ಎದ್ದೋಗಿ, ತಿರ್ಗಾ ಕುಕ್ಕೆ ಹತ್ರ ಬತ್ತಾದೆ. ಬಿಡ್ತೀನಾ?”

“ಅಯ್ಯೋ ಮುಂಡೇದೆ!” ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ಪುಣ್ಯಕ್ಕೆ ಮೊಟ್ಟೆಗಳು ಪೂರಾ ತಣ್ಣಗಾಗಿರಲಿಲ್ಲ. “ಹಸ್ಕೊಂಡು ಬಂದ ಜೀವಕ್ಕೆ ನುಚ್ಚು ಹಾಕಿ, ನೀರು ಕೊಟ್ಟು, ಮೆಲ್ಲಗೆ ಕುಕ್ಕೇಲಿ ಕೂರಿಸ್ಬೇಕು ಕಣ್ಲಾ!”

“ಆಯ್ತು ಕಣವ್ವ!”

ಮಾರನೆಯ ದಿನ ಬಂದು ಎಣಿಸಿದಳು. ಏಳೇ ಮೊಟ್ಟೆ! ನಾಲ್ಕು ಮಾಯ! ಇನ್ನು ಕೇಳಬೇಕೇ? ಸೆರಗು ಸಿಕ್ಕಿಸಿ ಬೇಲಿಗೆ ಹೋಗಿ ನಿಂತಳು. “ಲೇ ಜವರವ್ವ! ನನ್ನ ಮೊಟ್ಟೆ ತಿಂದ ಬಾಯಿಗೆ ಹುಳ ಬೀಳ!”

“ನಿನ್ನ ಮೊಟ್ಟೆ ಕಂಡಿದ್ರೆ ನನ್ನ ಕಣ್ಣು ಇಂಗೋಗ್ಲಿ!” ಅಂದಳು ಜವರಮ್ಮ.

ಚಿಕ್ಕೀರ ಹಿಂದಿನಿಂದ ಸೆರಗು ಜಗ್ಗಿದ. “ಬೈಬ್ಯಾಡ ಕಣವ್ವ. ಬೀದಿ ನಾಯಿ ಹಸ್ಕೊಂಡು ಬಂದಿತ್ತು. ನುಚ್ಚು ಹಾಕ್ದೆ, ನೀರು ಕೊಟ್ಟೆ, ಮೆಲ್ಲಗೆ ಕುಕ್ಕೇಲಿ ಕೂರಿಸ್ದೆ.”

ಹೊಂಬಾಳಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅನುಮಾನ ಹೋಗಲಿಲ್ಲ ನೋಡಿ. ಬೀದಿಯಲ್ಲಿ ಇಷ್ಟು ಮನೆಯಿರುವಾಗ ಆ ನಾಯಿ ನಮ್ಮ ಹಿತ್ತಲಿಗೇ ಯಾಕೆ ಬಂತು? ಯಾರು ಅಟ್ಟಿದರು?

ಕೆಂಚಿ ಗಟ್ಟಿ ಕೋಳಿ. ಉಳಿದ ಏಳೂ ಒಡೆದು ಏಳು ಮರಿ ಬಂದವು. ಹೊಂಬಾಳಮ್ಮನ ಕಣ್ಣು ತುಂಬಿತು. ಆದರೆ ಅದೇ ವಾರ ಜವರಮ್ಮನ ಕೋಳಿಯೂ ಎಂಟು ಮರಿ ಮಾಡಿತು. ಅವೂ ಹಳದಿ, ಇವೂ ಹಳದಿ! ಬೇಕಂತಲೇ ಮಾಡಿಸಿದ್ದಾಳೆ, ಬೆರೆಸಿಬಿಡೋಕೆ!

“ಕುಂಕುಮ ಕಲಸಿ ಮರಿಗೆಲ್ಲ ಬೆನ್ನಿಗೆ ಹಚ್ಚು ಕಣ್ಲಾ. ಒಂದೂ ಬಿಡ್ಬ್ಯಾಡ!”

“ಆಯ್ತು ಕಣವ್ವ!”

ಒಂದೂ ಬಿಡಲಿಲ್ಲ. ಬೇಲಿ ನುಸುಳಿ ಬಂದಿದ್ದ ಜವರಮ್ಮನ ಎಂಟಕ್ಕೂ ಹಚ್ಚಿದ. ಹಿತ್ತಲಲ್ಲಿ ಹದಿನೈದು ಕೆಂಪು ಬೆನ್ನು! ಇಬ್ಬರು ಹೆಂಗಸರೂ ಸೊಂಟಕ್ಕೆ ಕೈಕೊಟ್ಟು ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡಿದರು. ಕೊನೆಗೆ ಎರಡು ತಾಯಿಕೋಳಿಗಳನ್ನೂ ತಂದು ಬಿಟ್ಟಾಗ ಮರಿಗಳು ತಮ್ಮ ತಮ್ಮ ತಾಯಿಯ ಹಿಂದೆ ಓಡಿದವು. ಕೆಂಚಿಯ ಹಿಂದೆ ಸರಿಯಾಗಿ ಏಳು.

“ನೋಡ್ಲಾ ದಡ್ಡ! ಯಾವ್ದು ಯಾರ ಹಿಂದೆ ಹೋಯ್ತದೋ ಅದು ಅವರ ಮನೇದು. ನಮ್ಮ ಹಿಂದೆ ಬಂದದ್ದ ತಂದು, ಹದ್ದು ಕಾಣ್ದಂಗೆ ದೊಡ್ಡ ಮಂಕರಿ ಕವುಚು. ತಿಳೀತಾ?”

“ಆಯ್ತು ಕಣವ್ವ!”

ಮರುದಿನ ಹೊಂಬಾಳಮ್ಮ ಹೊಲದಿಂದ ಬಂದಾಗ ಅಂಗಳದಲ್ಲಿ ಮಂಕರಿ ಬುಟ್ಟಿ ಕವುಚಿತ್ತು, ಮೇಲೆ ಕಲ್ಲೂ ಇತ್ತು. ಒಳಗಿಂದ ಚಿಂವ್ ಚಿಂವ್ ಸದ್ದು. ಅಬ್ಬಾ, ಇವತ್ತೊಂದು ದಿನ ನನ್ನ ಮಗ ಸರಿಯಾಗಿ ಮಾಡಿದ ಅಂದುಕೊಳ್ಳುವಷ್ಟರಲ್ಲಿ ಜವರಮ್ಮ ನುಗ್ಗಿ ಬಂದಳು.

“ನನ್ನ ಮರಿ ಒಂದು ಕಮ್ಮಿ ಅದೆ! ಆ ಮಂಕರಿ ಎತ್ತು, ನೋಡ್ಬೇಕು!”

ಹೊಂಬಾಳಮ್ಮನಿಗೆ ಪಿತ್ತ ನೆತ್ತಿಗೇರಿತು. ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದಳು. “ಬನ್ರವ್ವಾ, ಎಲ್ಲಾರೂ ನೋಡ್ಬನ್ನಿ! ಅನುಮಾನದ ಪಿಶಾಚಿ ಇವಳು! ಇವಳ ಮನೇದು ಒಂದು ಪುಕ್ಕ ಇದರೊಳಗೆ ಸಿಕ್ಕಿದ್ರೆ ನನ್ನ ನಾಲಿಗೆ ಸೇದೋಗ್ಲಿ!”

ಜನ ಸೇರಿದರು. ಹೊಂಬಾಳಮ್ಮ ಕಲ್ಲು ತೆಗೆದು, ಮಂಕರಿಯನ್ನು ಎತ್ತಿಯೇಬಿಟ್ಟಳು.

ಕೆಂಚಿ ಇತ್ತು. ಏಳು ಮರಿ ಇದ್ದವು. ನಡುವೆ, ಜವರಮ್ಮ ಜಗಲಿಯ ಮೇಲೆ ಆಡಲು ಬಿಟ್ಟಿದ್ದ ಅಂಬೆಗಾಲಿನ ಮೊಮ್ಮಗಳು ಬಾಯಿತುಂಬ ನುಚ್ಚು ತುಂಬಿಕೊಂಡು ಕೂತಿದ್ದಳು. ಕೈಯಲ್ಲಿ ಎಂಟನೆಯ ಮರಿ.

ಚಿಕ್ಕೀರ ಹಲ್ಲು ಕಿರಿದು ಮುಂದೆ ಬಂದ.

“ನುಚ್ಚು ಚೆಲ್ಕೊಂಡು ಬಂದೆ ಕಣವ್ವ. ಇದೂ ಬೇಲಿ ನುಸುಳ್ಕೊಂಡು ನನ್ನ ಹಿಂದೇನೇ ಬಂತು. ಇದು ನಮ್ಮನೇದೇ!”