ಎರಡು ದಡದ ಬೆಸ್ತರು

"ಗುರುಗಳೇ, ತನ್ನ ಅರಸನಿಂದ ಆಗಬೇಕಾದ ಕೆಲಸಕ್ಕೆ ಪರದೇಶದವರ ನೆರವು ಪಡೆಯುವುದು ದ್ರೋಹವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಎರಡು ರಾಜ್ಯಗಳ ನಡುವೆ ಒಂದು ಹೊಳೆ. ಈ ದಡದಲ್ಲಿ ಬೆಸ್ತರ ಮುದುಕಿಯೊಬ್ಬಳಿದ್ದಳು. ಎರಡೂ ದಡಗಳಲ್ಲಿ ಬಟ್ಟೆಗೆ ಬಣ್ಣ ಹಾಕಿಸುವ ಸಾಹುಕಾರರಿದ್ದರು. ಅವರು ಬಣ್ಣದ ನೀರನ್ನು ಹೊಳೆಗೆ ಬಿಟ್ಟರು. ಮೀನು ಸತ್ತವು. ಕೇರಿಯ ಒಲೆಗಳು ಆರಿದವು. ಮುದುಕಿ ಅರಸನ ಬಳಿ ಹೋಗಿ ಬೇಡಿಕೊಂಡಳು.

"ನಾನು ತಡೆದರೆ ಸಾಹುಕಾರರು ಆಚೆ ದಡಕ್ಕೆ ಹೋಗಿಬಿಡುತ್ತಾರೆ. ನಮ್ಮ ಜನ ಕೆಲಸ ಕಳೆದುಕೊಳ್ಳುತ್ತಾರೆ" ಎಂದ ಅರಸ.

ಮುದುಕಿಗೆ ಅಳು ಬಂತು. ಆದರೆ ಮನೆಗೆ ಹೋಗಲಿಲ್ಲ. ದೋಣಿ ಹತ್ತಿ ಆಚೆ ದಡಕ್ಕೆ ಹೊರಟಳು. ಅಲ್ಲೊಬ್ಬ ಬೆಸ್ತನಿದ್ದ. ಹಿಂದೊಮ್ಮೆ ಜಗಳದಲ್ಲಿ ಅವಳ ಬಲೆ ಕಿತ್ತುಕೊಂಡಿದ್ದವನು ಅವನೇ.

"ಬಲೆ ಕೇಳಲು ಬಂದೆಯಾ, ಅಕ್ಕಾ?"

"ಬೀಳಲು ಮೀನೇ ಇಲ್ಲ, ಬಲೆ ಯಾಕೆ ತಮ್ಮಾ? ನಿನ್ನ ಅರಸ ಏನೆಂದ?"

"ತಡೆದರೆ ಸಾಹುಕಾರರು ನಿಮ್ಮ ದಡಕ್ಕೆ ಬರುತ್ತಾರಂತೆ."

ಮುದುಕಿ ಬೆರಗಾದಳು. ತನ್ನ ಅರಸನ ಮಾತನ್ನು ಹೇಳಿದಳು. ಬೆಸ್ತ ಹೇಳಿದ: "ಹೋದ ಸುಗ್ಗಿಯಲ್ಲಿ ನಿಮ್ಮ ಕಡೆಯ ಸಾಹುಕಾರರನ್ನು ಈ ದಡಕ್ಕೆ ದಾಟಿಸಿದವನು ನಾನೇ. ನಮ್ಮ ಕಡೆಯ ಸಾಹುಕಾರರ ಜೊತೆ ಕೂತು ಉಂಡರು. ಇಬ್ಬರು ಅರಸರಿಗೂ ಇದೇ ಮಾತು ಹೇಳಬೇಕೆಂದು ಆಗಲೇ ಗೊತ್ತು ಮಾಡಿಕೊಂಡಿರಬೇಕು."

ಅವನು ಅವಳಿಗೆ ಅಂಬಲಿ ಕೊಟ್ಟ, ಮಲಗಲು ಚಾಪೆ ಹಾಸಿದ. ಬೆಳಗಾದ ಮೇಲೆ ಎರಡೂ ಕೇರಿಗಳನ್ನು ಕರೆದುಕೊಂಡು ಹೊರಟರು. ಮೊದಲು ಅವನ ಅರಸನ ಮುಂದೆ, ಆಮೇಲೆ ಅವಳ ಅರಸನ ಮುಂದೆ ಇಬ್ಬರೂ ಜೊತೆಯಾಗಿ ನಿಂತರು. ಸಾಹುಕಾರರು ತಮ್ಮಿಬ್ಬರಿಗೂ ಒಂದೇ ಬೆದರಿಕೆ ಹಾಕಿದ್ದಾರೆಂದು ಅರಸರಿಗೆ ತಿಳಿಯಿತು. ನಾಚಿಕೆಯಾಯಿತು. ಒಬ್ಬರಿಗೊಬ್ಬರು ಹೇಳಿ ಕಳುಹಿಸಿದರು. ಎರಡೂ ದಡಗಳಲ್ಲಿ ಒಂದೇ ದಿನ ಡಂಗುರ ಸಾರಿಸಿದರು: ಬಣ್ಣದ ನೀರು ಹೊಳೆಗೆ ಸೇರಕೂಡದು.

ಮಳೆಗಾಲ ಕಳೆದು ಹೊಳೆ ತಿಳಿಯಾಯಿತು. ಮೊದಲು ಸಿಕ್ಕ ಮೀನನ್ನು ಮುದುಕಿ ಆಚೆ ದಡಕ್ಕೆ ಒಯ್ದು, ತಾನೇ ಸಾರು ಮಾಡಿ ತಮ್ಮನಿಗೆ ಬಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಪರದೇಶದವನನ್ನು ತಂದು ತನ್ನ ಅರಸನ ಮುಂದೆ ನಿಲ್ಲಿಸಿದಳಲ್ಲ, ಅದು ತಪ್ಪಲ್ಲವೇ?" ಎಂದ ಶಿಷ್ಯ.

ಗುರುಗಳು ನಕ್ಕು ಅವನ ತಲೆ ಸವರಿದರು.

"ಸಾಹುಕಾರರೂ ಹೊಳೆ ದಾಟಿದ್ದರು, ಮಗು, ಅದು ತಪ್ಪೇ ಎಂದು ನೀನು ಕೇಳಲಿಲ್ಲ."