ಭುಜದ ನೋವಿಗೆ ಹಿಮ್ಮಡಿ ಹಿಡಿದ ಅಯ್ಯನವರು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಮಠದ ಶಾಲೆಯ ಗದಿಗೆಯ್ಯ ಮಾಸ್ತರು. ಹೇಳುವುದರಲ್ಲಿ ತಪ್ಪಿದರೆ ಅದು ನನ್ನದು.

ದಾನಪ್ಪ ಎಂಬ ನೇಕಾರನಿದ್ದ. ಬನದ ಹುಣ್ಣಿಮೆಗೆ ದೇವಿಗೆ ಉಡಿಸುವ ಸೀರೆ ಪ್ರತಿವರ್ಷ ಅವನ ಮಗ್ಗದಿಂದಲೇ ಹೋಗಬೇಕು. ಶುರು ಮಾಡಿದ ಕೈಯೇ ಅದನ್ನು ಮುಗಿಸಬೇಕು. ನಡುವೆ ಬೇರೆಯವರು ಲಾಳಿ ಮುಟ್ಟುವಂತಿಲ್ಲ. ಅದು ಮನೆತನದ ಪದ್ಧತಿ. ಆ ವರ್ಷ ಸೀರೆ ಅರ್ಧಕ್ಕೆ ಬಂದಾಗ ಅವನ ಬಲಭುಜ ಹಿಡಿದುಕೊಂಡಿತು. ಹುಣ್ಣಿಮೆಗೆ ಹದಿನೈದೇ ದಿನ. ಎಣ್ಣೆ ತಿಕ್ಕಿದರು, ಉಪ್ಪಿನ ಶಾಖ ಕೊಟ್ಟರು. ಕೈ ಮೇಲೇಳಲಿಲ್ಲ.

ಪಕ್ಕದೂರಲ್ಲಿ ಮಹಾಂತಯ್ಯ ಎಂಬ ಹಿರಿಯರು ಬರಿಗೈಯಿಂದಲೇ ಎಲುಬು, ಕೀಲು ನೋಡುತ್ತಿದ್ದರು. ಈಗ ಪಟ್ಟಣದಲ್ಲಿ ಆಸ್ಟಿಯೋಪಥಿ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಆ ಬಗೆಯದು. ದಾನಪ್ಪ ಅವರ ಮುಂದೆ ಮಲಗಿದ. ಅಯ್ಯನವರು ಭುಜದ ಮೇಲೆ ಕೈಯಿಟ್ಟರು, ತೆಗೆದರು. ಬೆನ್ನು, ಸೊಂಟ ದಾಟಿ ಎಡಗಾಲಿನ ಹಿಮ್ಮಡಿ ಹಿಡಿದು, ಕಣ್ಣು ಮುಚ್ಚಿ ಕುಳಿತುಬಿಟ್ಟರು. ದಾನಪ್ಪನಿಗೆ ಗಲಿಬಿಲಿ. ನಾನೇ ಬಾಯಿತಪ್ಪಿ ಕಾಲು ನೋವು ಅಂದೆನೇ? ಇಲ್ಲವೇ ಇವರಿಗೆ ಜೊಂಪು ಹತ್ತಿತೇ?

"ಯಪ್ಪಾ, ನೋವು ಭುಜದಾಗ ಐತ್ರಿ," ಅಂದ ಮೆಲ್ಲಗೆ.

"ನಾ ಕಿವುಡ ಅಲ್ಲೋ ತಮ್ಮಾ. ಭುಜ ಅಳಾಕತ್ತೈತಿ, ಖರೆ. ಅದನ್ನ ಹೊಡದಾವ ಬ್ಯಾರೆ ಅದಾನ."

ಐದು ದಿನ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯಬೇಡ ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಹೆಂಡತಿ ನೀಲವ್ವ ನಕ್ಕಳು. "ಭುಜ ತೋರಿಸಾಕ ಹೋಗಿ ಕಾಲು ಒತ್ತಿಸ್ಕೊಂಡು ಬಂದೀರಿ. ನಾಳೆ ಹಲ್ಲು ನೋಯ್ದರ ಮೊಣಕಾಲಿಗೆ ಎಣ್ಣಿ ಹಚ್ಚತೀರೇನು?"

ದಾನಪ್ಪನಿಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ದಿನಗಳು ಓಡುತ್ತಿದ್ದವು. ಮೂರನೆಯ ದಿನ ತಡೆಯಲಾರದೆ ಕುಣಿಗಿಳಿದ. ನಾಲ್ಕು ಸಲ ಲಾಳಿ ಎಸೆದದ್ದೇ ತಡ, ಭುಜ ಮತ್ತೆ ಸೆಟೆದುಕೊಂಡಿತು. ಸಿಟ್ಟಿನಿಂದ ಅಯ್ಯನವರ ಬಳಿ ಹೋದ.

ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ನೇಯೂವಾಗ ಬಟ್ಟಿ ನಿನ್ನ ಮುಂದ ಸುಕ್ಕಾತು ಅಂದ್ರ ಏನ್ ಮಾಡತೀ?"

"ಹಿಂದ ಹಾಸಿನ ಎಳಿ ಎಳದು ಕಟ್ಟಿದ ಹಗ್ಗ ನೋಡತೀನ್ರಿ. ಅಲ್ಲೆ ಬಿಗಿ ತಪ್ಪಿರತೈತಿ."

ಹೇಳಿದವನೇ ತನ್ನ ಎಡಗಾಲು ಮುಟ್ಟಿಕೊಂಡ. ಯುಗಾದಿಯ ಹೊತ್ತಿಗೆ ಕೆರೆಯ ಮೆಟ್ಟಿಲಲ್ಲಿ ಜಾರಿ ಎಡಗಾಲು ಉಳುಕಿದ್ದು ನೆನಪಾಯಿತು. ಅಂದಿನಿಂದ ಕುಣಿಯೊಳಗಿನ ಹಲಗೆಗಳನ್ನು ಬಲಗಾಲೊಂದರಿಂದಲೇ ತುಳಿಯುತ್ತಿದ್ದ. ಮೈಯೆಲ್ಲ ಬಲಕ್ಕೆ ವಾಲಿ, ಭಾರ ಬಲಭುಜಕ್ಕೆ ಬೀಳುತ್ತಿತ್ತು.

ಅಯ್ಯನವರು ಮತ್ತೆ ಹಿಮ್ಮಡಿ ಹಿಡಿದರು. ಮತ್ತೆ ಐದು ದಿನ ಎಂದರು. ಆಮೇಲೆ ಉಳಿಯುವುದು ಏಳೇ ದಿನ. ದಾನಪ್ಪನ ಗೊಂದಲ ಪೂರ್ತಿ ಹೋಗಿರಲಿಲ್ಲ. ಆದರೂ ದೇವಿಯ ಮೇಲೆ ಭಾರ ಹಾಕಿ ಐದು ದಿನ ಮಗ್ಗದತ್ತ ಸುಳಿಯಲಿಲ್ಲ. ಆರನೆಯ ದಿನ ಎರಡೂ ಕಾಲಿಟ್ಟು ಕುಳಿತ. ಲಾಳಿ ಓಡಿತು. ಹುಣ್ಣಿಮೆಯ ಬೆಳಗ್ಗೆ ಸೀರೆ ಮಗ್ಗದಿಂದ ಇಳಿಯಿತು.

ಅಂದೇ ಅಯ್ಯನವರ ಬಳಿ ಹೋಗಿ, ತಾವು ಮಾಡಿದ್ದಾದರೂ ಏನು ಎಂದು ಕೇಳಿದ.

"ದಾರ್ಯಾಗ ಬಿದ್ದ ಕಲ್ಲು ಸರಿಸೀನಿ, ಅಷ್ಟ. ನಡದದ್ದು ನಿನ್ನ ಮೈ."

ದಾನಪ್ಪ ಅವರಿಗೆ ಕೈಮುಗಿದ. ನಡೆದದ್ದು ತನ್ನ ಮೈಯಾದರೆ ಅದಕ್ಕೂ ಮುಗಿಯುವುದು ಬಾಕಿ ಉಳಿಯಿತು ಅನ್ನಿಸಿತು. ತನ್ನ ಮೈಗೆ ತಾನೇ ಹೇಗೆ ಮುಗಿಯುವುದೆಂದು ತಿಳಿಯದೆ ಮನೆಯ ಹಾದಿ ಹಿಡಿದ.

ನೀತಿ: ನೋವು ಇರುವಲ್ಲೇ ಅದರ ಬೇರು ಇರಬೇಕೆಂದಿಲ್ಲ. ಬೇರು ಸಿಕ್ಕ ಮೇಲೆ, ಮಾಯಲು ಮೈಗೆ ಪುರುಸೊತ್ತು ಕೊಡಬೇಕು.

ಓದಿದವರು ನೋವಿನಲ್ಲಿರುವ ಒಬ್ಬರಿಗಾದರೂ ಇದನ್ನು ಹೇಳಿ. ಮಾಸ್ತರ ಹೆಸರು ಮಾತ್ರ ಬಿಡಬೇಡಿ.